ಬೆರಳು ಸೋಕಿದ ಗಾಜಿನೆಳೆ

“ಗುರುಗಳೇ, ನಾಲ್ಕು ತಲೆಮಾರಿನಿಂದ ನಮ್ಮ ಮನೆತನದವರು ಪಾಠ ಹೇಳಿಕೊಂಡು ಬಂದಿದ್ದಾರೆ. ನಮ್ಮ ತಾತ ಕಟ್ಟಿಸಿದ ಶಾಲೆ ಇಂದಿಗೂ ನಡೆಯುತ್ತಿದೆ. ಹಾಗಿದ್ದ ಮೇಲೆ ನನ್ನನ್ನು ಪರೀಕ್ಷಿಸುವ ಅಗತ್ಯವೇನಿತ್ತು?” ಎಂದು ಇಂದುಮತಿ ಕೇಳಿದಳು.

ಅವಳಿಗೆ ಒಂದು ಶಾಲೆಯನ್ನು ವಹಿಸುವ ಮೊದಲು ಹಿರಿಯ ಉಪಾಧ್ಯಾಯಿನಿ ದೇವೀರಮ್ಮ ಅವಳಿಂದ ಒಂದು ಪಾಠವನ್ನಲ್ಲ, ಇಡೀ ಪುಸ್ತಕವನ್ನೇ ಪಾಠ ಹೇಳಿಸಿ ಪರೀಕ್ಷಿಸುತ್ತಿದ್ದರು. ಮೂರನೆಯ ದಿನ ಇಂದುಮತಿ, “ನಿಮ್ಮ ಮನೆಯಲ್ಲಿ ನಿಮಗಿಂತ ಮೊದಲು ಶಾಲೆಯ ಮೆಟ್ಟಿಲು ಹತ್ತಿದವರುಂಟೇ?” ಎಂದು ಎಲ್ಲರೆದುರಿಗೆ ಅವರನ್ನು ಹಂಗಿಸಿ ಎದ್ದು ಬಂದಿದ್ದಳು.

ಗುರುಗಳು ಕತೆ ಹೇಳಿದರು.

ಒಬ್ಬ ಗಾಜುಗಾರನಿದ್ದ. ಗಾಜನ್ನು ಕಾಯಿಸಿ ಕೂದಲಿನಷ್ಟು ಸಣ್ಣಗೆ, ಹರದಾರಿಗಟ್ಟಲೆ ಉದ್ದಕ್ಕೆ ಎಳೆಯುತ್ತಿದ್ದ. ಬೆಳಕು ಆ ಎಳೆಯೊಳಗೆ ಸಾಗಿ ಊರಿಂದೂರಿಗೆ ಮಾತು ಒಯ್ಯುತ್ತಿತ್ತು. ಆ ಕೆಲಸದಲ್ಲಿ ಅವನಿಗೆ ಸಮನಾದವರಿರಲಿಲ್ಲ. ಬರಿಗಾಜಿಗೆ ಬೆರಳು ತಾಕಿದರೂ ಗೀರು ಬೀಳುವುದರಿಂದ, ಎಳೆಯನ್ನು ಕಾಯುವ ಲೇಪ ಹತ್ತುವ ಮೊದಲು ಅದನ್ನು ಯಾರೂ ಮುಟ್ಟಕೂಡದೆಂಬುದು ಆ ಕಸುಬಿನ ಕಟ್ಟಳೆ.

ಎಳೆಯ ಗಟ್ಟಿತನ ನೋಡುವವಳು ಒಬ್ಬ ಹೆಂಗಸು. ಎರಡು ಗಾಲಿಗಳ ನಡುವೆ ಎಳೆಯನ್ನು ಬಿಗಿದು, ಮೊದಲಿಂದ ಕೊನೆಯವರೆಗೆ ಒಂದು ಗೇಣೂ ಬಿಡದೆ ಜಗ್ಗಿ ಹಾಯಿಸುವಳು. ಒಮ್ಮೆ ಹೊಳೆಯ ತಳದಲ್ಲಿ ಹಾಸುವ ಎಳೆ ಬಂತು. ಅದು ಅಲ್ಲಿ ತುಂಡಾದರೆ ಆಚೆ ದಡದ ಊರುಗಳಿಗೆ ಮಾತೇ ಇಲ್ಲ.

“ಇದು ನನ್ನ ಎಳೆ ತಾಯೀ! ತುದಿಯ ನಾಲ್ಕು ಗೇಣು ಜಗ್ಗಿ ನೋಡು, ಸಾಕು. ಇದೇನು ಬಾವಿಯ ಹಗ್ಗವೇ?” ಎಂದು ಗಾಜುಗಾರ ನಕ್ಕ.

“ನಾಲ್ಕು ಗೇಣು ತನ್ನ ಸುದ್ದಿಯನ್ನಷ್ಟೇ ಹೇಳುತ್ತದಣ್ಣ. ಹೊಳೆಗಿಳಿಯುವುದು ಪೂರ್ತಿ ಎಳೆ” ಎಂದು ಅವಳು ಗಾಲಿ ತಿರುಗಿಸಿದಳು.

ನಡುವೆ ಒಂದು ಕಡೆ ಎಳೆ ಪಟ್ಟನೆ ತುಂಡಾಯಿತು. “ನೀನೇ ಮುರಿದೆ!” ಎಂದು ಅವನು ಕೂಗಿದ. ಅವಳು ಮುರಿದ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದಳು. ಒಡಕಿನ ಗೆರೆಗಳೆಲ್ಲ ಅಂಚಿನ ಒಂದೇ ಚುಕ್ಕೆಯಿಂದ ಹೊರಟಿದ್ದವು. ಅಲ್ಲಿ ಧೂಳಿನ ಕಣಕ್ಕಿಂತ ಸಣ್ಣದೊಂದು ಗೀರು. ಗಾಜುಗಾರನಿಗೆ ನೆನಪಾಯಿತು. ಎಳೆ ಇಳಿಯುತ್ತಿದ್ದಾಗ ಅದರ ನಯಕ್ಕೆ ತಾನೇ ಹಿಗ್ಗಿ, ಲೇಪಕ್ಕೆ ಮುಂಚೆ ಒಮ್ಮೆ ಬೆರಳು ಸೋಕಿಸಿದ್ದ.

ಅವಳು ಆ ಚೂರನ್ನು ಕತ್ತರಿಸಿ ತೆಗೆದು, ತುದಿಗಳನ್ನು ಬೆಸೆದು, ಉಳಿದದ್ದನ್ನು ಹಾಯಿಸಿದಳು. ಅಷ್ಟು ಬಿಗಿತಕ್ಕೂ ಅದು ಜಗ್ಗದೆ ನಿಂತಿತು. “ಇಂಥ ಗಾಜನ್ನು ನಾನು ಇನ್ನೊಬ್ಬರ ಕೈಯಲ್ಲಿ ಕಂಡಿಲ್ಲ” ಎಂದಳು. ಅಂದಿನಿಂದ ಗಾಜುಗಾರ ತನ್ನ ಪ್ರತಿಯೊಂದು ಎಳೆಯನ್ನೂ ತಾನೇ ಹೊತ್ತು ತಂದು ಅವಳಿಗೊಪ್ಪಿಸಿದ.

ಇಂದುಮತಿ, “ಹಾಗಾದರೆ ನನ್ನಲ್ಲೂ ಗೀರು ಇದೆಯೆಂದೇ, ಗುರುಗಳೇ?” ಎಂದಳು.

“ಅದನ್ನು ದೇವೀರಮ್ಮನವರು ನೋಡುತ್ತಾರೆ. ನೀನು ಮೊದಲು ಹೋಗಿ ಎಲ್ಲರೆದುರಿಗೆ ಅವರ ಕ್ಷಮೆ ಕೇಳು.”