ಬೆಲ್ಲ ಮೊದಲೋ, ನೀರು ಮೊದಲೋ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಬೇಡ, ನಗುವುದಾದರೆ ಮಾತ್ರ ಬಾಯಿ ತುಂಬ ನಗಿ. ಕಬ್ಬಿನಾಡು ಅಂತ ಒಂದು ರಾಜ್ಯ. ಅಲ್ಲಿ ಕೆಂಚವ್ವ ಅಂತ ಒಬ್ಬ ಚಾಪೆ ಹೆಣೆಯುವವಳು. ಅವಳ ಅಜ್ಜಿ ಹೊಳೆಯಾಚೆಯ ಪರದೇಶದಿಂದ ಬಂದವಳು. ಕೆಂಚವ್ವ ಹುಟ್ಟಿದ್ದು, ಬೆಳೆದದ್ದು, ಮೂರು ಮಕ್ಕಳನ್ನು ಹೆತ್ತದ್ದು ಎಲ್ಲ ಹೊಳೆದಂಡೆಯ ಚಾಪೆಕೇರಿಯಲ್ಲೇ.

ಆ ಕೇರಿಯ ಮೇಲೆ ಮಂತ್ರಿ ತೋಂಟರಸನ ಕಣ್ಣು ಬಿತ್ತು. ಅವನ ಹತ್ತಿರ ನಲವತ್ತು ಬಾತುಕೋಳಿ. ಅವು ಈಜಾಡಲಿಕ್ಕೆ ಅಲ್ಲೊಂದು ಕೊಳ ತೋಡಿಸಬೇಕಂತೆ! ಸುಮ್ಮನೆ ಓಡಿಸಿದರೆ ಜನ ಬೈಯುತ್ತಾರೆ. ಅದಕ್ಕೇ ಡಂಗೂರ ಹೊಡೆಸಿದ.

ಮೊದಲ ದಿನ ಸಾರಿಸಿದ: "ಅತಿಥಿ ಸತ್ಕಾರ ನಮ್ಮ ನಾಡಿನ ಗುಣ! ಬಂದವರನ್ನು ಇಟ್ಟುಕೊಂಡು ಉಣಿಸುವವರೇ ನಮ್ಮವರು!" ಊರೆಲ್ಲ ಚಪ್ಪಾಳೆ ತಟ್ಟಿತು. ಕೆಂಚವ್ವ ಅಂಗೈ ಕೆಂಪಾಗುವಂತೆ ತಟ್ಟಿದಳು.

ಎರಡನೆಯ ದಿನ ಸಾರಿಸಿದ: "ಬಂದ ಅತಿಥಿಗೆ 'ಹೊರಡು' ಅನ್ನುವವರು ನಮ್ಮವರಲ್ಲ! ಅಂಥವರನ್ನು ಹೊಳೆ ದಾಟಿಸಬೇಕು!" ಮತ್ತೆ ಚಪ್ಪಾಳೆ.

ಮೂರನೆಯ ದಿನ ಸಾರಿಸಿದ: "ನಮ್ಮವರು ಅತಿಥಿಗೆ ಮೊದಲು ಬೆಲ್ಲ ಕೊಡುತ್ತಾರೆ, ಆಮೇಲೆ ನೀರು. ಮೊದಲು ನೀರು ಕೊಡುವವರು ಹೊರಗಿನವರು!"

ಮೊದಲು ನೀರು ಕೊಡುತ್ತಿದ್ದದ್ದು ಚಾಪೆಕೇರಿಯವರು ಮಾತ್ರ. ಕೆಂಚವ್ವ ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದಳು. ಅರಮನೆಗೆ ಓಡಿದಳು.

"ಬಿಸಿಲಲ್ಲಿ ಬಂದವರ ಗಂಟಲು ಒಣಗಿರುತ್ತೆ ಬುದ್ಧೀ. ಒಣಗಿದ ಗಂಟಲಿಗೆ ಬೆಲ್ಲ ತುರುಕೋದು ಯಾವ ಸತ್ಕಾರ?"

"ನೋಡಿದಿರಾ ಮಹಾರಾಜರೇ, ಎದುರು ವಾದ ಬೇರೆ! ಪರದೇಶದವರ ಬುದ್ಧಿ ಇದು" ಎಂದ ತೋಂಟರಸ. ರಾಜ ಬೊಮ್ಮರಸ ಮಂತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವ. ಇದಕ್ಕೂ ಆಡಿಸಿದ.

ಅವತ್ತು ಮಧ್ಯಾಹ್ನವೇ ಇಡೀ ಕೇರಿಯನ್ನು ದೋಣಿಗೆ ತುಂಬಿದರು. ಆಡುಗಳನ್ನೂ ಬಿಡಲಿಲ್ಲ. ನಿನ್ನೆ ಜೊತೆಯಲ್ಲಿ ಚಪ್ಪಾಳೆ ತಟ್ಟಿದ ನೆರೆಹೊರೆಯವರು ಕದ ಹಾಕಿಕೊಂಡು ಒಳಗೇ ಕೂತರು. ಕೆಂಚವ್ವ ಆಚೆ ದಡದಲ್ಲಿ ಕೂತು ಗೊಳೋ ಎಂದು ಅತ್ತಳು. ಅಳುತ್ತಾ ಅಳುತ್ತಾ ಕಿಸಕ್ಕನೆ ನಕ್ಕಳು.

"ಅಲ್ರೋ, ನಾವೀಗ ಪರದೇಶದವರು ತಾನೆ? ಪರದೇಶದಿಂದ ಕಬ್ಬಿನಾಡಿಗೆ ಹೋದವರು ಯಾರು? ಅತಿಥಿಗಳು! ದೋಣಿ ತಿರುಗಿಸಪ್ಪಾ, ಮಂತ್ರಿ ಮನೆಗೆ ಹೋಗೋಣ!"

ಹೋಗಿ ತೋಂಟರಸನ ಕದ ಬಡಿದರು. ಆಡುಗಳು ಮ್ಯಾ ಎಂದವು. ಊರೆಲ್ಲ ನೋಡಲು ಸೇರಿತು. ಎರಡನೆಯ ಡಂಗೂರ ಎಲ್ಲರ ಕಿವಿಯಲ್ಲೂ ಇತ್ತು. ತೋಂಟರಸ ಹಲ್ಲು ಕಡಿಯುತ್ತಾ, "ಬನ್ನಿ, ಬನ್ನಿ" ಎಂದ.

ಮೊದಲ ದಿನ ಅವರು ಉಗ್ರಾಣದ ಅಕ್ಕಿಯನ್ನೆಲ್ಲ ಉಂಡರು. ಎರಡನೆಯ ದಿನ ಹೋಳಿಗೆ ಕೇಳಿದರು. ಮಂತ್ರಿಯೇ ಕೂತು ಹೂರಣ ರುಬ್ಬಿದ. ಮೂರನೆಯ ದಿನ ಹನ್ನೊಂದು ಮಕ್ಕಳು ಅವನ ಮಂಚದ ಮೇಲೆ ಕುಣಿದವು, ಬಾತುಕೋಳಿಗಳು ಆಡಿಗೆ ಹೆದರಿ ಅಟ್ಟ ಹತ್ತಿದವು, ಒಂದು ಮುದಿ ಹೋತ ಅವನ ರೇಷ್ಮೆ ಪೇಟವನ್ನು ಬಾಯಾಡಿಸುತ್ತಾ ನಿಂತಿತ್ತು.

"ಊಟ ಬಹಳ ರುಚಿಯಾಗಿದೆ ಸ್ವಾಮಿ" ಎಂದಳು ಕೆಂಚವ್ವ. "ಇನ್ನೊಂದು ತಿಂಗಳು ಇದ್ದು ಹೋಗೋಣ ಅಂತ."

ತೋಂಟರಸನ ತಾಳ್ಮೆ ಕೆಟ್ಟಿತು. "ಹೊರಡಿ! ತೊಲಗಿ ನನ್ನ ಮನೆಯಿಂದ!" ಎಂದು ಕಿರುಚಿದ. ತಿರುಗಿ ನೋಡಿದರೆ ಗಲಾಟೆ ಕೇಳಿ ಬಂದ ರಾಜ ಹೊಸ್ತಿಲ ಮೇಲೆಯೇ ನಿಂತಿದ್ದಾನೆ!

ಬೊಮ್ಮರಸ ಆವತ್ತು ತಲೆಯಾಡಿಸಲಿಲ್ಲ. "ನೀನೇ ಸಾರಿಸಿದ್ದಲ್ಲವೇನಯ್ಯಾ? ನಡಿ, ದೋಣಿ ಹತ್ತು" ಎಂದ. ಮಂತ್ರಿ ರಾಜನ ಕಾಲು ಹಿಡಿದ.

ಕೆಂಚವ್ವ ಅಡ್ಡ ಬಂದಳು. "ಬೇಡ ಬುದ್ಧೀ. ದಾಟಿಸೋಕೆ ಹೊರಟರೆ ದಿನಕ್ಕೊಂದು ನೆಪ ಸಿಗುತ್ತೆ, ಕೊನೆಗೆ ಊರಲ್ಲಿ ಬಾತುಕೋಳಿ ಮಾತ್ರ ಉಳಿಯುತ್ತೆ. ಇವನು ಮಂತ್ರಿಗಿರಿ ಬಿಟ್ಟು ಇಲ್ಲೇ ಇರಲಿ. ನಮ್ಮ ಮನೆ ನಮಗೆ ಕೊಡಿ."

ರಾಜ ಹಾಗೇ ಮಾಡಿದ. ನೆರೆಹೊರೆಯವರು ತಲೆ ತಗ್ಗಿಸಿಕೊಂಡು ಬಂದು ಚಾಪೆಕೇರಿಯ ಸಾಮಾನು ಹೊತ್ತರು.

ತಿಳಿಯಿತೇ ಮಕ್ಕಳೇ? "ನಮ್ಮ ಗುಣ, ನಮ್ಮ ಗುಣ" ಎಂದು ಕೂಗಿ ಪಕ್ಕದ ಮನೆಯವರನ್ನು ಹೊರಗೆ ಹಾಕುವವನಲ್ಲಿ ಆ ಗುಣ ಇರುವುದಿಲ್ಲ. ಅವನು ಕೂಗುವಾಗ ಸುಮ್ಮನೆ ಚಪ್ಪಾಳೆ ತಟ್ಟಬೇಡಿ.