ಒರಳಿನಲ್ಲಿ ಬಿಗಿದ ಶೇಂಗಾ

"ಗುರುಗಳೇ, ಹೊಲದಲ್ಲಿ ದುಡಿಯುತ್ತಿದ್ದಾಗ ನನ್ನ ಮನಸ್ಸು ಹಗುರವಾಗಿತ್ತು. ನಿಮ್ಮ ಮಾತು ಕೇಳತೊಡಗಿದ ಮೇಲೆ ಅದು ಕಲ್ಲಾಗಿದೆ. ಮೊದಲು ಬಾರದ ಸಿಟ್ಟು ಈಗ ಬರುತ್ತದೆ. ಈ ವಿದ್ಯೆ ನನಗೆ ಒಗ್ಗಲಿಲ್ಲವೆಂದು ತಿಳಿದು ಊರಿಗೆ ಹೋಗಿಬಿಡಲೇ?" ಎಂದು ಅಡಿವೆಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಚಪ್ಪಾಳೆ ತಟ್ಟಿ ನಕ್ಕರು. "ಭಲೇ! ಈ ಪ್ರಶ್ನೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ. ಹೋಗುವವನನ್ನು ನಾನೇನು ಕಟ್ಟಿಹಾಕುವುದಿಲ್ಲ. ಆದರೆ ಒಂದು ಕತೆ ಕೇಳಿ ಹೋಗು. ಮುಖ ಹುಳ್ಳಗೆ ಮಾಡಬೇಡ, ಕೂತುಕೋ." ಹೀಗೆಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಸರಕು ತರಲು ಥಾಯ್ಲೆಂಡಿಗೆ ಹೋದವನು ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆತಂದ. ಕೆಲವು ಕಾಲಕ್ಕೆ ಅವಳು ಬಸುರಿಯಾದಳು. ಆಗ ಶುರುವಾಯಿತು ನೋಡು ಫಜೀತಿ! ಅನ್ನ ಕೊಟ್ಟರೆ ವಾಂತಿ, ಹೋಳಿಗೆ ಕೊಟ್ಟರೆ ವಾಂತಿ. ಗಂಜಿ ಕೂಡ ಹೊಟ್ಟೆಯಲ್ಲಿ ನಿಲ್ಲದು. ಹುಡುಗಿ ಬಾಡಿ ಹಾಸಿಗೆ ಹಿಡಿದಳು.

ಸೂಲಗಿತ್ತಿ ಬಂದು ನೋಡಿ ಗದರಿದಳು. "ಇನ್ನೂ ಹೀಗೇ ಇದ್ದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ. ಬಯಕೆ ಏನೆಂದು ಒಬ್ಬರಾದರೂ ಕೇಳಿದ್ದೀರಾ?"

ಆಗ ಕೇಳಿದರು! ಅವಳಿಗೆ ಬೇಕಾದದ್ದು ತನ್ನೂರಿನ ಪಚಡಿ. ಹೆಚ್ಚಿದ ಸೌತೆಕಾಯಿ, ಮೊಳಕೆ ಬಂದ ಹೆಸರುಕಾಳು, ಅದರ ಮೇಲೆ ಹುಳಿ, ಸಿಹಿ, ಖಾರ ಬೆರೆತ ಶೇಂಗಾ ರಸ.

ವ್ಯಾಪಾರಿ ಅಡುಗೆಯ ತುಂಗವ್ವನ ಬಳಿ ಓಡಿದ. "ಶೇಂಗಾ, ಬೆಲ್ಲ, ಹುಣಸೆ, ಬೆಳ್ಳುಳ್ಳಿ, ಮೆಣಸಿನಕಾಯಿ. ಇಷ್ಟು ಹೇಳಿ ಸುಸ್ತಾಗಿ ಕಣ್ಣು ಮುಚ್ಚಿದಳವ್ವ. ಮಾಡುವ ರೀತಿ ನನಗೆ ಗೊತ್ತಿಲ್ಲ, ನಾನು ಬರೀ ತಿಂದವನು!"

"ಬಸುರಿ ಬಯಕೆ ಎಂದ ಮೇಲೆ ಮಾತೇನು? ಆಚೆ ಸರಿಯಿರಿ ಸಾವುಕಾರರೇ," ಎಂದು ತುಂಗವ್ವ ಸೆರಗು ಸಿಕ್ಕಿಸಿದಳು.

ಮನೆಯಲ್ಲಿದ್ದ ಶೇಂಗಾವನ್ನೆಲ್ಲ ಹುರಿದಳು, ಸಿಪ್ಪೆ ಕೇರಿದಳು, ಒರಳಿಗೆ ಹಾಕಿ ಅರೆದಳು. ಪುಡಿಯಾಯಿತು. ಅಲ್ಲಿಗೇ ಬಿಟ್ಟಿದ್ದರೆ ಚಟ್ನಿಪುಡಿಯಾಗುತ್ತಿತ್ತು. ಅವಳು ಬಿಡಲಿಲ್ಲ. ಎಣ್ಣೆ ಬಿಟ್ಟು ಬೆಣ್ಣೆಯ ಹಾಗಾಯಿತು. ಬೆಲ್ಲ, ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿ ಘಮ ಒಳಕೋಣೆಗೆ ಹೋಯಿತು. ಮಲಗಿದ್ದ ಹುಡುಗಿ ಕಣ್ಣು ತೆರೆದಳು. "ಬಂತು ಕಣ್ರೀ, ಹದ ಬಂತು!" ಎಂದು ತುಂಗವ್ವ ಹಿಗ್ಗಿ ಒಂದು ಚಮಚ ಹುಣಸೆ ನೀರು ಬಿಟ್ಟಳು.

ಅಯ್ಯೋ ಶಿವನೇ! ಜಾರುತ್ತಿದ್ದ ಬೆಣ್ಣೆ ಸೆಟೆದು ಮುದ್ದೆಯಾಯಿತು. ಗುಂಡುಕಲ್ಲು ತಿರುಗದು. ವ್ಯಾಪಾರಿ ತಲೆ ಚಚ್ಚಿಕೊಂಡ. "ನೀರು ಬಿದ್ದು ಕೆಟ್ಟಿತು! ತೆಗೆದು ಚೆಲ್ಲು. ಎಲ್ಲಿಂದಾದರೂ ಬೇರೆ ಶೇಂಗಾ ತರುತ್ತೇನೆ." ತುಂಗವ್ವ ಅಳುತ್ತ ಒರಳಿಗೆ ಕೈ ಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕೂಗು! ಏಳಲಾರದ ಹುಡುಗಿ ಗೋಡೆ ಹಿಡಿದು ಎದ್ದು ಬಂದಿದ್ದಳು. ತನ್ನ ಭಾಷೆಯಲ್ಲಿ ಏನೋ ಬೈದು ತುಂಗವ್ವನ ಕೈ ಎಳೆದಳು. ಹುಣಸೆ ನೀರಿನ ಬಟ್ಟಲನ್ನು ಎತ್ತಿ ಒರಳಿಗೆ ಸುರಿದಳು. ಒಂದಿಷ್ಟಲ್ಲ, ಪೂರ್ತಿ! "ಹುಚ್ಚಿ, ಏನು ಮಾಡಿದೆ!" ಎಂದು ಗಂಡ ಚೀರಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒರಳಿನ ಮುಂದೆ ಕೂತು ತಾನೇ ಗುಂಡು ತಿರುಗಿಸಿದಳು. ತುಂಗವ್ವನೂ ಕೈಜೋಡಿಸಿದಳು. ಮುದ್ದೆ ಒಡೆಯಿತು, ಸಡಿಲಿತು, ತಿಳಿಬಣ್ಣಕ್ಕೆ ತಿರುಗಿ ಹಾಲಿನ ಕೆನೆಯ ಹಾಗೆ ನುಣುಪಾಯಿತು.

ಸೌತೆಕಾಯಿಯ ಮೇಲೆ ಸುರಿದುಕೊಂಡು ಹುಡುಗಿ ಅಲ್ಲೇ ನೆಲದ ಮೇಲೆ ಕೂತು ತಿಂದಳು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ವಾಂತಿಯಾಗಲಿಲ್ಲ. ಅವಳು ಮತ್ತೆ ತಟ್ಟೆ ಚಾಚಿದಳು. "ನಿಂತಿತು! ಹೊಟ್ಟೆಯಲ್ಲಿ ನಿಂತಿತು!" ಎಂದು ತುಂಗವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ವ್ಯಾಪಾರಿ ಮಗುವಿನಂತೆ ಅತ್ತ.

ಕೇಳುತ್ತಿದ್ದ ಅಡಿವೆಪ್ಪ ಸಡಗರದಿಂದ ಎದ್ದೇ ನಿಂತಿದ್ದ. "ಹಾಗಾದರೆ ಅದು ಕೆಟ್ಟಿರಲೇ ಇಲ್ಲ, ಗುರುಗಳೇ! ನೀರು ಸಾಲದೆ ಬಿಗಿದಿತ್ತು ಅಷ್ಟೆ. ಆ ವ್ಯಾಪಾರಿ ಎಂಥ ಪೆದ್ದ! ಇನ್ನೊಂದಿಷ್ಟು ಸುರಿದು ನೋಡದೆ ಚೆಲ್ಲಲು ಹೊರಟಿದ್ದನಲ್ಲ!"

ಗುರುಗಳು ಅವನ ಬೆನ್ನು ತಟ್ಟಿ ಹೇಳಿದರು: "ನಿನಗೂ ನಾನು ಇನ್ನೂ ಒಂದೇ ಚಮಚ ಹಾಕಿದ್ದೇನಪ್ಪಾ."