ಹಗ್ಗದ ಮಾಳವ್ವನ ಆಯ

ಬಹಳ ಹಿಂದೆ, ಯಾವ ಪಾಳೇಗಾರರ ಕಾಲವೆಂದು ಈಗ ಯಾರೂ ಹೇಳಲಾರರು, ಹುಣಸೇಕೋಡಿ ಎಂಬ ಒಂದು ಊರಿನಲ್ಲಿ ಮಾಳವ್ವ ಎಂಬವಳು ಇದ್ದಳಂತೆ. ನಾನು ಕಂಡದ್ದಲ್ಲ. ನಮ್ಮಜ್ಜಿ ಹೇಳಿದ್ದು. ನಮ್ಮಜ್ಜಿಯೂ ಕಂಡದ್ದಲ್ಲ, ಅವಳಿಗೆ ಅವಳಜ್ಜಿ ಹೇಳಿದ್ದು. ಬಾಯಿಂದ ಬಾಯಿಗೆ ದಾಟುವಾಗ ಕಥೆ ಒಂದಿಷ್ಟು ಬೆಳೆದಿರಬಹುದು. ಬೆಳೆದಿದ್ದರೆ ಬೆಳೆದಂತೆಯೇ ಹೇಳುತ್ತೇನೆ, ಕೂತು ಕೇಳಿ.

ಮಾಳವ್ವನಿಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿರಲಿಲ್ಲವಂತೆ. ಅಂಗೈಗೆ ಮರದ ತುಂಡು ಕಟ್ಟಿಕೊಂಡು, ಅವನ್ನು ನೆಲಕ್ಕೆ ಊರಿ, ಮೈಯನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದಳಂತೆ. ಟಕ್ ಟಕ್ ಎಂಬ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಹೆಂಗಸರು ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರಂತೆ. ಅಷ್ಟು ಮಾತುಗಾತಿ ಅವಳು.

ಕೆರೆ ಏರಿಯ ಕೆಳಗೆ ಅವಳದೊಂದು ಚಪ್ಪರವಿತ್ತು. ಕತ್ತಾಳೆ ಪಟ್ಟೆಯನ್ನು ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಅಲ್ಲಿ ಹಗ್ಗ ಹೊಸೆಯುತ್ತಿದ್ದಳು. ಕೊಳೆತ ಕತ್ತಾಳೆಯ ನಾತ ಬಲ್ಲವರೇ ಬಲ್ಲರು. ಆ ನಾತಕ್ಕೆ ಊರಿನವರು ಆ ಕಡೆ ಸುಳಿಯುತ್ತಿರಲಿಲ್ಲ. ಆದರೆ ಅವಳ ಹಗ್ಗ ಮಾತ್ರ ಎಲ್ಲರ ಮನೆಗೂ ಬೇಕು. ಕಪಿಲೆ ಬಾವಿಯಲ್ಲಿ ನೀರೆಳೆಯುವ ಎತ್ತುಗಳು ಸೋತವೇ ಹೊರತು ಅವಳ ಹಗ್ಗ ಸೋಲಲಿಲ್ಲವಂತೆ. ಕಾಡಿನಿಂದ ದಾರಿ ತಪ್ಪಿ ಬಂದ ಆನೆಯೊಂದನ್ನು ಅವಳ ಹಗ್ಗದಿಂದ ಹುಣಸೇಮರಕ್ಕೆ ಕಟ್ಟಿದರೆ ಮರ ಓರೆಯಾಯಿತಂತೆ, ಹಗ್ಗದ ಒಂದು ಎಳೆಯೂ ಬಿಡಲಿಲ್ಲವಂತೆ. ಆ ಓರೆ ಮರ ಇಗೋ ಇದೇ ಎಂದು ಈಗಲೂ ತೋರಿಸುತ್ತಾರೆ. ಓರೆಯಾದ ಹುಣಸೇಮರ ಯಾವ ಊರಿನಲ್ಲಿಲ್ಲ? ಅದರ ಮೇಲೆ ನಾನು ಆಣೆ ಇಡಲಾರೆ.

ಹಗ್ಗ ಒಬ್ಬರಿಂದ ಆಗುವ ಕೆಲಸವಲ್ಲ. ರಾಟೆ ತಿರುಗಿಸಲು ಒಬ್ಬರು ಬೇಕು. ಸೊಂಟಕ್ಕೆ ನಾರು ಸುತ್ತಿಕೊಂಡು, ಎಳೆ ಬಿಟ್ಟುಕೊಡುತ್ತ ಹಿಂದಹಿಂದಕ್ಕೆ ನಡೆಯಲು ಇನ್ನೊಬ್ಬರು ಬೇಕು. ಮಾಳವ್ವ ಗುಡಿಯ ಬಾಗಿಲಿಗೆ ಹೋದಳಂತೆ. ಅಲ್ಲಿ ಕಣ್ಣಿಲ್ಲದ ಚಿತ್ರಯ್ಯ ಬಟ್ಟಲು ಇಟ್ಟುಕೊಂಡು ಕೂತಿರುತ್ತಿದ್ದ. ಕೆಲಸಕ್ಕೆ ಬಾ ಎಂದು ಕರೆದಳಂತೆ. ಅವನಿಗೆ ನಗು ಬಂತಂತೆ. ಕಣ್ಣಿಲ್ಲದವನು ದಿನವೆಲ್ಲ ಹೇಗೆ ನಡೆಯಲಿ ಎಂದನಂತೆ. ಅದಕ್ಕೆ ಅವಳು, ಹಗ್ಗ ಹೊಸೆಯುವವನು ಹಿಂದಕ್ಕೇ ನಡೆಯಬೇಕು, ಹಿಂದಕ್ಕೆ ನಡೆಯುವವನಿಗೆ ಕಣ್ಣಿದ್ದು ಏನು ಮಾಡೀತು ಎಂದಳಂತೆ. ಚಿತ್ರಯ್ಯ ಬಟ್ಟಲನ್ನು ಅಲ್ಲೇ ಕವುಚಿ ಎದ್ದು ಬಂದನಂತೆ. ಆಮೇಲೆ ದಾರಿಯಲ್ಲಿ ಹೋಗುವವರು ಯಾರಾದರೂ, ಹಿಂದಕ್ಕೆ ನಡೆಯಲು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದರೆ, "ಹಿಂದಕ್ಕೆ ನಡೆದ್ರೆ ನಿಮಗೂ ಕಾಣಲ್ಲ, ನನಗೂ ಕಾಣಲ್ಲ. ನಿಮಗೆ ಹೊಸದು, ನನಗೆ ರೂಢಿ" ಎನ್ನುತ್ತಿದ್ದನಂತೆ.

ರಾಟೆಗೆ ಬೊಮ್ಮಕ್ಕ ಬಂದಳು. ಅವಳಿಗೆ ಕಿವಿಯೂ ಇಲ್ಲ, ಮಾತೂ ಇಲ್ಲ. ಅಣ್ಣಂದಿರ ಮನೆಯಲ್ಲಿ ಸಗಣಿ ಬಾಚಿಕೊಂಡು ಇದ್ದವಳು. ನಿಲ್ಲಿಸು ಎಂದು ಚಿತ್ರಯ್ಯ ಕೂಗಿದರೆ ಅವಳಿಗೆ ಕೇಳಬೇಕಲ್ಲ? ಅದಕ್ಕೆ ಅವನ ಸೊಂಟದಿಂದ ಅವಳ ತೋಳಿಗೆ ಒಂದು ಉದ್ದನೆಯ ದಾರ ಕಟ್ಟಿದರಂತೆ. ಅವನು ಜಗ್ಗಿದರೆ ರಾಟೆ ನಿಲ್ಲುತ್ತಿತ್ತು. ಮಾಳವ್ವ ನಡುವೆ ಕೂತು ನಾರು ಬಾಚುತ್ತಿದ್ದಳು, ಎಳೆ ಕೂಡಿಸುತ್ತಿದ್ದಳು, ಮೂವರ ಪಾಲಿನ ಮಾತನ್ನೂ ತಾನೊಬ್ಬಳೇ ಆಡುತ್ತಿದ್ದಳು. ಹೀಗೆ ನಡೆದಿತ್ತಂತೆ.

ಈಗ ಕಣದ ಮಾತಿಗೆ ಬರುತ್ತೇನೆ. ಸುಗ್ಗಿಯಲ್ಲಿ ರಾಶಿ ಪೂಜೆಯಾದ ಮೇಲೆ ಊರಿನ ಕೆಲಸಗಾರರಿಗೆಲ್ಲ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎಂದು ಹೆಸರು. ಅದು ದಾನವಲ್ಲ, ವರ್ಷವೆಲ್ಲ ಮಾಡಿದ ಕೆಲಸದ ಪಾಲು. ತಳವಾರ ನಿಂತು ಕೂಗುತ್ತಿದ್ದ: ಬಡಿಗೇರು ಬರ್ರಪ್ಪಾ, ಕಮ್ಮಾರರು ಬರ್ರಪ್ಪಾ, ಅಗಸರು ಬರ್ರಪ್ಪಾ. ಕರೆದವರು ಚಪ್ಪಲಿ ಕಳಚಿ, ಕಣದ ಸುತ್ತ ಎಳೆದ ಬೂದಿಯ ಗೆರೆ ದಾಟಿ, ಒಳಗೆ ನಿಂತು ಬಟ್ಟೆಯೊಡ್ಡಿ ಪಡೆಯುತ್ತಿದ್ದರು. ಕಣದೊಳಗೆ ಯಾರೂ ಕೂರಬಾರದು. ರಾಶಿ ಎಂದರೆ ಲಕ್ಷ್ಮಿ, ಅವಳೆದುರು ಕೂತರೆ ಅಪಚಾರ ಎಂದು ನಂಬಿದ್ದರು.

ಎಲ್ಲ ಮುಗಿದ ಮೇಲೆ ಗೌಡರ ತಾಯಿ ಬಸಲಿಂಗವ್ವ ಒಂದು ಮೊರದ ತುಂಬ ಕಾಳು ಹಿಡಿದು ಗೆರೆಯ ಹೊರಗೆ ಬರುತ್ತಿದ್ದಳು. ಅದು ಧರ್ಮದ ಮೊರ. ಕುಂಟರು, ಕುರುಡರು, ಮೂಗರು ಅಲ್ಲಿ ಕಾದು ಕೂತಿರುತ್ತಿದ್ದರು. ಆಗ ಅವರನ್ನು ಕರೆಯುತ್ತಿದ್ದದ್ದೇ ಆ ಹೆಸರಿನಿಂದ. ಮಾಳವ್ವ ಎಷ್ಟು ಹಗ್ಗ ಕೊಟ್ಟಿದ್ದರೂ ಊರಿನವರ ಲೆಕ್ಕಕ್ಕೆ ಅವಳು ಮೊರದವಳೇ. ಬಸಲಿಂಗವ್ವ ಕೆಟ್ಟವಳಲ್ಲ. ಆ ಮೊರ ನೀಡುವವರೆಗೆ ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲವಂತೆ. ಅಷ್ಟು ಭಕ್ತಿ.

ಒಂದು ಸುಗ್ಗಿಯಲ್ಲಿ ಮಾಳವ್ವ ಆ ಮೊರಕ್ಕೆ ಸೆರಗೊಡ್ಡಲಿಲ್ಲ.

"ಅಮ್ಮೋರೆ, ಇದು ಬ್ಯಾಡ. ಹಗ್ಗದವರು ಬರ್ರಿ ಅಂತ ತಳವಾರಣ್ಣ ಒಂದು ಕೂಗು ಹಾಕ್ಲಿ. ಒಳಗೆ ಬಂದು ಇಸ್ಕೊಂತೀವಿ" ಎಂದಳಂತೆ.

ಗೌಡ ಹಾಲಪ್ಪನವರು ಕೋಪಿಸಿಕೊಳ್ಳಲಿಲ್ಲ. ಆಯ ಬೇಕೆಂದರೆ ಆಯದ ಕಟ್ಟಳೆಯಂತೆ ಒಳಗೆ ಬಂದು ನಿಂತು ಪಡೆಯಬೇಕು, ನಿಲ್ಲುತ್ತೀಯಾ ಎಂದು ಕೇಳಿದರಂತೆ. ಯಾರೋ ಕಿಸಕ್ಕನೆ ನಕ್ಕರಂತೆ. ಮಾಳವ್ವ ಟಕ್ ಟಕ್ ಎಂದು ಹೊರಟಳಂತೆ. ಚಿತ್ರಯ್ಯ, ಬೊಮ್ಮಕ್ಕ ಇಬ್ಬರೂ ಬರಿಗೈಯಲ್ಲಿ ಅವಳ ಹಿಂದೆ ಹೋದರಂತೆ. ದಾರಿಯುದ್ದಕ್ಕೂ ಚಿತ್ರಯ್ಯ ಗೊಣಗುತ್ತಿದ್ದನಂತೆ, ಮಾನವನ್ನು ಮುದ್ದೆ ಕಟ್ಟಿ ಉಣ್ಣುತ್ತೀಯೇನು ಎಂದು. ಅವನ ಮಾತು ಸುಳ್ಳಲ್ಲ. ಆ ವರ್ಷ ಚಪ್ಪರದ ಗಡಿಗೆಯಲ್ಲಿ ಕಾಳಿಗಿಂತ ನೀರೇ ಹೆಚ್ಚು ಕುದಿಯಿತಂತೆ. ಇನ್ನೊಂದು ಸುಗ್ಗಿಯೂ ಹೀಗೇ ಹೋದರೆ ಬೊಮ್ಮಕ್ಕ ಮತ್ತೆ ಅಣ್ಣಂದಿರ ಕೊಟ್ಟಿಗೆಗೆ, ಚಿತ್ರಯ್ಯ ಮತ್ತೆ ಬಟ್ಟಲಿಗೆ ಹೋಗುವುದೇ ಸೈ ಎಂದು ಮಾಳವ್ವನಿಗೂ ಗೊತ್ತಿತ್ತು.

ಆದರೆ ಅವಳಿಗಿಂತ ಹೆಚ್ಚು ನೊಂದವಳು ಬಸಲಿಂಗವ್ವ. ತನ್ನ ಮೊರ ತಿರುಗಿ ಬಂತಲ್ಲ, ಶಿವ ತನ್ನ ಕೈಯ ಧರ್ಮವನ್ನು ಒಲ್ಲೆ ಎಂದನೇನೋ ಎಂದು ಮನಸ್ಸಿಗೆ ಹಚ್ಚಿಕೊಂಡಳಂತೆ. ತಡೆಯಲಾರದೆ ಒಂದು ದಿನ ಮೂಗಿಗೆ ಸೆರಗು ಹಿಡಿದು, ಕೋಲೂರಿಕೊಂಡು ಚಪ್ಪರಕ್ಕೇ ಬಂದಳಂತೆ.

"ನಾನೇನು ಪಾಪ ಮಾಡಿದ್ದೆ ಅಂತ ನನ್ನ ಮೊರ ತಿರುಗಿಸಿದ್ಯೇ, ಮಾಳಿ?"

"ಪಾಪದ ಮಾತು ಆಮೇಲೆ ಆಡಾಣ ಅಮ್ಮೋರೆ. ಎಳೆ ಕೂಡಿಸ್ತಿದೀನಿ, ಬಿಟ್ರೆ ಬಿಚ್ಕೊಂತೈತೆ. ಈ ತುದಿ ಚೂರು ಹಿಡ್ಕೊಳ್ರಿ" ಎಂದು ಮಾಳವ್ವ ಹಗ್ಗದ ತುದಿಯನ್ನು ಅವಳ ಕೈಗೇ ಕೊಟ್ಟಳಂತೆ.

ಗೌಡರ ತಾಯಿ ಹಿಡಿದುಕೊಂಡಳು. ಬಿಡಲು ಬರುವಂತಿರಲಿಲ್ಲ. ಒಂದು ಹಗ್ಗ ಮುಗಿಯಿತು, ಇನ್ನೊಂದು ಶುರುವಾಯಿತು. ಬೊಮ್ಮಕ್ಕ ರಾಟೆ ತಿರುವುತ್ತ ನಗುತ್ತಿದ್ದಳಂತೆ. ಹಿಡಿದವರು ಯಾರೆಂದು ತಿಳಿಯದ ಚಿತ್ರಯ್ಯ ಆ ತುದಿಯಿಂದ, "ಬಿಗಿಯಾಗಿ ಹಿಡೀರವ್ವ, ಉಂಡಿಲ್ವೇನು?" ಎಂದು ಗದರಿದನಂತೆ. ಹುಟ್ಟಿದಂದಿನಿಂದ ಬಸಲಿಂಗವ್ವನನ್ನು ಯಾರೂ ಹಾಗೆ ಗದರಿದ್ದಿಲ್ಲ. ಅವಳು ಬಿಗಿಯಾಗಿ ಹಿಡಿದಳಂತೆ. ಸೆರಗು ಮೂಗಿನಿಂದ ಯಾವಾಗಲೋ ಜಾರಿತ್ತಂತೆ.

ಹೊತ್ತು ಇಳಿದಾಗ ಮಾಳವ್ವ ಸಂತೆಯಿಂದ ತಂದಿದ್ದ ಮಂಡಕ್ಕಿಯನ್ನು ನಾಲ್ಕು ಪಾಲು ಮಾಡಿದಳಂತೆ. ಒಂದು ಪಾಲನ್ನು ಬಸಲಿಂಗವ್ವನ ಮುಂದೆ ಇಟ್ಟಳಂತೆ. ಗೌಡರ ಮನೆಯವಳಿಗೆ ಮಂಡಕ್ಕಿ ಕೊಡುತ್ತೀಯಾ ಎಂದು ಬಸಲಿಂಗವ್ವ ಕೇಳಿದಳಂತೆ. ಕೊಟ್ಟದ್ದಲ್ಲ, ನಿಮ್ಮದೇ ಪಾಲು, ಹಗ್ಗ ಹಿಡಿದಿರಲ್ಲ ಎಂದಳಂತೆ ಮಾಳವ್ವ. ಮುದುಕಿ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಜಗಿದಳಂತೆ. ಅವಳ ಉಗ್ರಾಣದಲ್ಲಿ ಏನಿರಲಿಲ್ಲ? ಆದರೆ ದುಡಿದು ತಿಂದದ್ದು ಅದೇ ಮೊದಲು. ಪಾಪದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲವಂತೆ.

ಮತ್ತೆ ಸುಗ್ಗಿ ಬಂತು. ರಾಶಿ ಪೂಜೆಯಾಯಿತು. ಬಡಿಗೇರು ಬಂದರು, ಕಮ್ಮಾರರು ಬಂದರು, ಅಗಸರು ಬಂದರು. ತಳವಾರ ಕೂಗು ಮುಗಿಸಿದ. ಮಾಳವ್ವ ತನ್ನವರೊಂದಿಗೆ ಗೆರೆಯ ಹೊರಗಿದ್ದಳು. ಬಸಲಿಂಗವ್ವನ ಕೈಯಲ್ಲಿ ಮೊರವಿರಲಿಲ್ಲ. ಇನ್ನೂ ಒಂದು ಕೂಗು ಉಳಿದಿದೆ ಎಂದು ಅವಳು ತಳವಾರನಿಗೆ ಹೇಳಿದಳಂತೆ. ಅವನು ಗೌಡರ ಮುಖ ನೋಡಿದ. ಗೌಡರು ಮೆಲ್ಲಗೆ, ಕೂಗಿದರೂ ಅವಳು ನಿಲ್ಲಲಾರಳು, ಹಿರಿಯರ ಕಟ್ಟಳೆ ಮುರಿಯುವುದು ಹೇಗವ್ವಾ ಎಂದರಂತೆ.

ಆಗ ಬಸಲಿಂಗವ್ವ ಕೋಲನ್ನು ಬದಿಗಿಟ್ಟು, ಕಣದ ನಡುವೆ, ರಾಶಿಯ ಎದುರಿಗೇ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತುಬಿಟ್ಟಳಂತೆ. ಜನ ಹೌಹಾರಿದರಂತೆ.

"ಹಾಲಪ್ಪ, ನಮ್ಮ ದೇವ್ರ ಕೋಣೆ ಪಟದಾಗೆ ಲಕ್ಷ್ಮಿ ಹೆಂಗವ್ಳೆ?" ಎಂದು ಮಗನನ್ನು ಕೇಳಿದಳಂತೆ.

ಕೂತಿದ್ದಾಳೆ ಎಂದರಂತೆ ಗೌಡರು.

"ನಿಂತಿರೋ ಲಕ್ಷ್ಮೀನ ಮನೇಗೆ ತರಲ್ಲ ನಾವು. ನಿಂತೋಳು ಹೊಂಟೋಗ್ತಾಳೆ, ಕೂತೋಳು ಉಳ್ಕೊಂತಾಳೆ ಅಂತ. ಮನೇಗೆ ಕೂತೋಳು ಬೇಕು, ಕಣಕ್ಕೆ ಮಾತ್ರ ಕೂತೋರು ಬ್ಯಾಡ್ವಾ? ಕೂಗಪ್ಪ ತಳವಾರ."

ತಳವಾರ ಕೂಗಿದ. ಹಗ್ಗದವರು ಬರ್ರಪ್ಪಾ ಎಂದು ಕೂಗಿದ. ಆ ಕೂಗು ಕೆರೆಯ ಆಚೆ ದಡಕ್ಕೆ ಕೇಳಿತಂತೆ, ನೀರಿನ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವಂತೆ. ಮಾಳವ್ವ ಅಂಗೈಯ ಮರದ ತುಂಡುಗಳನ್ನು ಚಪ್ಪಲಿಗಳ ಸಾಲಿನಲ್ಲಿ ಕಳಚಿಟ್ಟು, ಬರಿಯ ಕೈಯೂರಿ ಗೆರೆ ದಾಟಿದಳಂತೆ. ಚಿತ್ರಯ್ಯನೂ ಬೊಮ್ಮಕ್ಕನೂ ಅವಳ ಎರಡು ಪಕ್ಕಕ್ಕೆ ಕೂತರಂತೆ. ಗೌಡರು ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ತಾವೂ ಪಂಚೆ ಮಡಚಿ ಕೂತು, ತಮ್ಮ ಕೈಯಿಂದಲೇ ಕೊಳಗ ತುಂಬಿ ಅಳೆದರಂತೆ. ಆ ವರ್ಷ ಅಳೆದಷ್ಟೂ ರಾಶಿ ಉಳಿಯಿತು ಎನ್ನುತ್ತಾರೆ. ಎಲ್ಲ ಕಥೆಗಳಲ್ಲೂ ಹಾಗೆ ಹೇಳುವುದುಂಟು. ಬಸಲಿಂಗವ್ವ ಮಾತ್ರ ಆ ದಿನ ಮೊರದ ಉಪವಾಸವಿಲ್ಲದೆ ಹೊಟ್ಟೆ ತುಂಬ ಉಂಡಳಂತೆ. ಇದನ್ನು ನಾನು ನಂಬುತ್ತೇನೆ.

ಮಾಳವ್ವ ಬಹುಕಾಲ ಬಾಳಿದಳು. ಸುತ್ತಿನ ಊರುಗಳಿಂದ ನಡೆಯಲಾಗದವರು, ಕಾಣದವರು, ಕೇಳದವರು ಅವಳ ಚಪ್ಪರಕ್ಕೆ ಬಂದು ಕೆಲಸ ಕಲಿತರಂತೆ. ಅವಳ ಸಮಾಧಿ ಎಲ್ಲಿದೆಯೋ ಯಾರಿಗೂ ತಿಳಿಯದು.

ಆದರೆ ಸುಗ್ಗಿ ಮುಗಿದ ಮರುದಿನ ಹುಣಸೇಕೋಡಿಯಲ್ಲಿ ಈಗಲೂ ಊರೆಲ್ಲ ಕೆರೆ ಏರಿಯ ಕೆಳಗೆ ಸೇರುತ್ತದೆ. ಮಾಳವ್ವನ ದಿನ ಎನ್ನುತ್ತಾರೆ. ಆ ದಿನ ಯಾರ ಕೈಗೂ ಯಾರೂ ಭಿಕ್ಷೆ ಹಾಕುವಂತಿಲ್ಲ. ಯಾರೂ ನಿಲ್ಲುವಂತಿಲ್ಲ, ಎಲ್ಲರೂ ನೆಲದ ಮೇಲೆ ಕೂರಬೇಕು. ಮೈಯಲ್ಲಿ ಏನಾದರೂ ಊನವಿದ್ದವರು ಎಲ್ಲಿಂದ ಬಂದರೂ ಅವರನ್ನು ನಡುವೆ ಕೂರಿಸಿ, ನೀನು ಏನು ಕೆಲಸ ಮಾಡುತ್ತೀಯಪ್ಪಾ, ಏನು ಕೆಲಸ ಮಾಡುತ್ತೀಯವ್ವಾ ಎಂದು ಕೇಳುತ್ತಾರೆ. ಹೇಳಿದ ಕೆಲಸ ಊರಿನಲ್ಲಿ ಯಾರದಾದರೂ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಸಿಕ್ಕುವವರೆಗೆ ಯಾರೂ ಏಳುವಂತಿಲ್ಲ.

ಹೋದ ಸಲ ದೂರದೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಎರಡೂ ಕೈ ಸೆಟೆದಿದ್ದವು. ಏನು ಕೆಲಸ ಮಾಡುತ್ತೀಯವ್ವಾ ಎಂದು ಕೇಳಿದರು. ಅವಳು ತಲೆ ತಗ್ಗಿಸಿ, ಗೊತ್ತಿಲ್ಲ, ಇದುವರೆಗೆ ನನ್ನನ್ನು ಯಾರೂ ಕೇಳಿಲ್ಲ ಎಂದಳು. ಬಿಸಿಲು ಏರುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಅವಳು ಯೋಚಿಸಿ ಹೇಳುವವರೆಗೆ ಊರೆಲ್ಲ ಕೂತೇ ಇತ್ತು.